ನಡೆಯಲು ಹೊರಡುವ ಮುನ್ನ ಪಾದ ನೋಡಿಕೊಳ್ಳಿ

'ದಿನಾ ಅರ್ಧ ಗಂಟೆ ನಡೆಯಿರಿ.' ಈ ಮಾತನ್ನು ನಾನು ಎಷ್ಟು ಸಾವಿರ ರೋಗಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಗುಳಿಗೆ ಬರೆಯುವಾಗ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮೊದಲೋ ನಂತರವೋ ಎಂದು ಬಿಡಿಸಿ ಬರೆಯುವ ನಾವು ವೈದ್ಯರು, ನಡಿಗೆಯ ವಿಷಯ ಬಂದಾಗ ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಎಲ್ಲಿ ನಡೆಯಬೇಕು, ಯಾವ ಹೊತ್ತಿನಲ್ಲಿ, ಕಾಲಿಗೆ ಏನು ಮೆಟ್ಟಿಕೊಂಡು, ಜೇಬಿನಲ್ಲಿ ಏನಿಟ್ಟುಕೊಂಡು ಎಂಬುದೆಲ್ಲ ರೋಗಿಯ ಪಾಲಿಗೆ. ಇದು ಸರಿಯಲ್ಲವೆಂದು ನನಗೆ ಕಲಿಸಿದವರು ಹಲಕುಂದಿ ಕಡೆಯ ರೈತರೊಬ್ಬರು.

ಅವರಿಗೆ ಆಗ 58 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ 11 ವರ್ಷ ಕಳೆದಿತ್ತು. ಮೊದಲು ಹೊಲಕ್ಕೆ ನಡೆದೇ ಹೋಗುತ್ತಿದ್ದವರು, ಮಗ ಮೋಟಾರ್ ಬೈಕ್ ಕೊಂಡ ಮೇಲೆ ಅದರ ಹಿಂದಿನ ಸೀಟಿನಲ್ಲಿ ಕೂತು ಹೋಗಿಬರುತ್ತಿದ್ದರು. ಸಕ್ಕರೆ ಹತೋಟಿಗೆ ಬರುತ್ತಿರಲಿಲ್ಲ. 'ಬೈಕ್ ಬಿಡಿ, ನಡೆಯಿರಿ' ಎಂದೆ. ಹೇಳಿದ ಮಾತು ಕೇಳುವ ರೋಗಿ. ಮರುದಿನದಿಂದಲೇ ಊರಿನಿಂದ ಹೊಲದವರೆಗೆ ಬಂಡಿ ದಾರಿಯಲ್ಲಿ, ಹೋಗಿಬರಲು ಸುಮಾರು 4 ಕಿಲೋಮೀಟರ್, ನಡೆಯತೊಡಗಿದರು. ಮೂರು ತಿಂಗಳಲ್ಲಿ ತೂಕ 4 ಕಿಲೋ ಇಳಿಯಿತು. ಬರಿ ಹೊಟ್ಟೆಯ ಸಕ್ಕರೆ 190ರಿಂದ 130ಕ್ಕೆ ಬಂತು. ಅವರ ಬೆನ್ನು ತಟ್ಟಿದೆ. ಒಳಗೊಳಗೇ ನನ್ನ ಬೆನ್ನನ್ನೂ ತಟ್ಟಿಕೊಂಡೆ.

ನಾಲ್ಕನೆಯ ತಿಂಗಳು ಅವರು ಕೋಣೆಯೊಳಗೆ ಬರುವ ಮೊದಲೇ ವಾಸನೆ ಬಂತು. ಬಲಗಾಲಿನ ಹೆಬ್ಬೆರಳಿನ ಬುಡ ಊದಿ ಕಪ್ಪಾಗಿತ್ತು. ಕೀವು ತೆಗೆಯುವಾಗ ಒಳಗಿನಿಂದ ಜಾಲಿ ಮುಳ್ಳಿನ ತುಂಡೊಂದು ಹೊರಬಂತು. ಚಪ್ಪಲಿ ತರಿಸಿ ನೋಡಿದರೆ ಅಟ್ಟೆಯನ್ನು ತೂರಿದ ತೂತು ಅದೇ ಜಾಗಕ್ಕೆ ಸರಿಯಾಗಿತ್ತು. ಎಷ್ಟು ದಿನ ಆ ಮುಳ್ಳಿನ ಮೇಲೆ ನಡೆದಿದ್ದರೋ ಅವರಿಗೇ ಗೊತ್ತಿರಲಿಲ್ಲ. 'ನೋವೇನೂ ಇರಲಿಲ್ರೀ ಸಾಹೇಬ್ರ. ನೀವು ನಡಿ ಅಂದ್ರಿ, ನಡದೆ' ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಹೆಬ್ಬೆರಳನ್ನು ಉಳಿಸಲು ಆಗಲಿಲ್ಲ.

ಅದಕ್ಕೆ ಹಿಂದಿನ ಮೂರು ಭೇಟಿಗಳಲ್ಲಿ ನಾನು ಅವರ ನಾಡಿ, ರಕ್ತದೊತ್ತಡ, ಕಣ್ಣು, ನಾಲಿಗೆ ಎಲ್ಲ ನೋಡಿದ್ದೆ. ಪಾದ ನೋಡಿರಲಿಲ್ಲ. ನಮ್ಮಲ್ಲಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬರುವುದು ಮರ್ಯಾದೆ. ಒಳಗೆ ಬಂದು ಕುಳಿತ ಮೇಲೆ ಪಾದ ಮೇಜಿನ ಕೆಳಗೆ. ಹೀಗಾಗಿ ವೈದ್ಯನಿಗೆ ರೋಗಿಯ ಚಪ್ಪಲಿಯೂ ಕಾಣದು, ಪಾದವೂ ಕಾಣದು. ಇದನ್ನು ಸಮಜಾಯಿಷಿಯಾಗಿ ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ.

ಇದನ್ನು ಓದಿ 'ಹಾಗಾದರೆ ನಡೆಯುವುದೇ ಬೇಡ' ಎಂದು ಯಾರೂ ಬೈಕಿನ ಹಿಂದೆ ಮತ್ತೆ ಹತ್ತಬಾರದು. ನಡಿಗೆ ಆ ರೈತರಿಗೆ ಮಾಡಿದ ಉಪಕಾರ ನಿಜವಾದದ್ದೇ. ನಡೆಯುವಾಗ ತೊಡೆ ಮತ್ತು ಮೀನಖಂಡದ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಉರಿಸುತ್ತವೆ. ನಿಂತ ಮೇಲೂ ಹಲವು ಗಂಟೆಗಳ ಕಾಲ ಇನ್ಸುಲಿನ್ನಿನ ಮಾತನ್ನು ಹೆಚ್ಚು ಚೆನ್ನಾಗಿ ಕೇಳುತ್ತವೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮಧ್ಯಮ ವೇಗವೆಂದರೆ ಯಾವುದು? ಗಡಿಯಾರ ಬೇಡ, ಮೊಬೈಲ್ ಫೋನ್ ಬೇಡ. ಜೊತೆಗಾರರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ ಅಳತೆ.

<b>ಊರ ಹೆಸರಿನ ಮುಳ್ಳು</b>

ಬಳ್ಳಾರಿ ಜಾಲಿ ನಮ್ಮ ಊರಿನ ಹೆಸರು ಹೊತ್ತಿದ್ದರೂ ನಮ್ಮ ಗಿಡವಲ್ಲ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದಲ್ಲಿ ಭಾರತಕ್ಕೆ ತಂದರು. ಸಸ್ಯಶಾಸ್ತ್ರಜ್ಞರು ಇದನ್ನು ಪ್ರೊಸೊಪಿಸ್ ಜೂಲಿಫ್ಲೋರಾ ಎನ್ನುತ್ತಾರೆ. ಹಳ್ಳದ ದಂಡೆ, ಕಾಲುವೆ ಏರಿ, ಬೀಳು ಹೊಲ, ಬಂಡಿ ದಾರಿಯ ಎರಡೂ ಬದಿ ಎಲ್ಲಿ ನೋಡಿದರೂ ಇದೇ. ಇದ್ದಿಲಿಗೆ, ಬೇಲಿಗೆ, ಒಲೆಗೆ ಆಗುತ್ತದೆ ನಿಜ. ಆದರೆ ಕಡಿದು ಸಾಗಿಸುವಾಗ ದಾರಿಯ ಮೇಲೆ ಉದುರುವ ಒಣ ಮುಳ್ಳು ತೆಳು ರಬ್ಬರಿನ ಚಪ್ಪಲಿಯನ್ನು ಸಲೀಸಾಗಿ ತೂರುತ್ತದೆ. ಒಳಗೆ ಮುರಿದುಕೊಂಡ ತುದಿ ವಾರಗಟ್ಟಲೆ ಉರಿಯೂತ ಮಾಡುತ್ತದೆ. ಕೀಲಿನ ಹತ್ತಿರ ಉಳಿದರೆ ಕೀಲೇ ಊದಿಕೊಳ್ಳಬಹುದು.

ಆರೋಗ್ಯವಂತರಿಗೆ ಮುಳ್ಳು ಚುಚ್ಚಿದ ಕ್ಷಣವೇ 'ಅಯ್ಯೋ' ಎನ್ನಿಸುತ್ತದೆ, ಕಾಲನ್ನು ತಟ್ಟನೆ ಎತ್ತುತ್ತಾರೆ. ಬಹುಕಾಲದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುತ್ತದೆ. ಅತಿ ಉದ್ದದ ನರಗಳು ಮೊದಲು ಹಾಳಾಗುವುದರಿಂದ ಬೆರಳ ತುದಿಯಿಂದಲೇ ಸ್ಪರ್ಶ ಮಾಯವಾಗುತ್ತ ಬರುತ್ತದೆ. ಕೆಲವರಿಗೆ ಉರಿ, ಜುಮುಜುಮು. ಕೆಲವರಿಗೆ ಹತ್ತಿಯ ಮೇಲೆ ನಡೆದಂತೆ. ಎಷ್ಟೋ ಜನರಿಗೆ ಏನೂ ಅನ್ನಿಸುವುದಿಲ್ಲ. ಈ ಏನೂ ಅನ್ನಿಸದವರೇ ಹೆಚ್ಚು ಅಪಾಯದಲ್ಲಿರುವವರು.

ನಿಮ್ಮ ಪಾದಕ್ಕೆ ಸ್ಪರ್ಶವಿದೆಯೇ ಎಂದು ಈ ದಿನವೇ ಮನೆಯಲ್ಲಿ ನೋಡಬಹುದು. ಮಂಚದ ಮೇಲೆ ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿ. ಮನೆಯವರೊಬ್ಬರು ತಮ್ಮ ತೋರುಬೆರಳಿನಿಂದ ನಿಮ್ಮ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದಾದ ಮೇಲೊಂದು, ಕ್ರಮ ತಪ್ಪಿಸಿ, ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಮುಟ್ಟಿದಾಗಲೆಲ್ಲ 'ಎಡ', 'ಬಲ' ಎಂದು ಹೇಳುತ್ತ ಹೋಗಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ನಿಮ್ಮ ಪಾದ ನಿಮ್ಮನ್ನು ಎಚ್ಚರಿಸುವುದನ್ನು ಬಿಟ್ಟಿದೆ ಎಂದೇ ತಿಳಿದು ವೈದ್ಯರಿಗೆ ತೋರಿಸಿ. ಅವರು ನೋಡದಿದ್ದರೆ ನೀವೇ ಕಾಲನ್ನು ಮುಂದಕ್ಕೆ ಚಾಚಿ. ನಾಚಿಕೆ ಬೇಡ.

ಅಂಥವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಹೊರಗೆ ಹೋಗಲು ಮೇಲೆ ಮೆತ್ತನೆಯ ಎಂಸಿಆರ್ ರಬ್ಬರ್, ಕೆಳಗೆ ಟೈರಿನಂಥ ಗಟ್ಟಿ ಅಟ್ಟೆ, ಹಿಮ್ಮಡಿಗೆ ಹಿಂದಿನಿಂದ ಪಟ್ಟಿ ಇರುವ ಮೆಟ್ಟು ಬೇಕು. ಹಿಂಪಟ್ಟಿ ಏಕೆಂದರೆ, ಸ್ಪರ್ಶವಿಲ್ಲದ ಪಾದದಿಂದ ಚಪ್ಪಲಿ ಜಾರಿ ಬಿದ್ದರೂ ತಿಳಿಯುವುದಿಲ್ಲ. ಹಾಗೆ ಒಂದೇ ಚಪ್ಪಲಿಯಲ್ಲಿ ಅರ್ಧ ಊರು ದಾಟಿ ಬಂದವರನ್ನು ನೋಡಿದ್ದೇನೆ. ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ, ಅಟ್ಟೆಯನ್ನು ತಿರುವಿ ನೋಡಿ. ಮನೆಗೆ ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕಣ್ಣು ಮಂದವಾಗಿದ್ದರೆ ಮೊಮ್ಮಕ್ಕಳಿಂದ ನೋಡಿಸಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ದಣಿದ ಕಾಲನ್ನು ಬಿಸಿನೀರಿನಲ್ಲಿ ಇಳಿಬಿಡುವುದು ಎರಡೂ ಕೂಡದು. ನೀರಿನ ಬಿಸಿ ಎಷ್ಟೆಂದು ಆ ಪಾದಕ್ಕೆ ತಿಳಿಯದು. ಸುಟ್ಟ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು.

ಮುಳ್ಳು ಚುಚ್ಚಿದರೆ ಸಾಬೂನು ನೀರಿನಿಂದ ತೊಳೆದು, ಪೂರ್ತಿ ಬಂದಿದೆಯೇ ನೋಡಿ. ಎಕ್ಕದ ಹಾಲು ಹಾಕಿದರೆ ಮುಳ್ಳು ತಾನಾಗಿ ಹೊರಬರುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ಅದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣಿಗೂ ಕೇಡು. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಬೇಕು. ಮಣ್ಣು ಮೆತ್ತಿದ ಆಳವಾದ ಗಾಯವಾದರೆ, ಹಿಂದಿನದಕ್ಕೆ ಐದು ವರ್ಷ ಮೀರಿದ್ದರೂ ಹಾಕಿಸಿಕೊಳ್ಳಬೇಕು. ಯುಗಾದಿಗೆ ಮುಂಚೆ ನಮ್ಮ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಅವರಲ್ಲಿ ನನ್ನದೊಂದು ಪ್ರಾರ್ಥನೆ: ಹರಕೆ ಬರಿಗಾಲಿನದೇ ಆಗಿದ್ದರೆ, ಹೊರಡುವ ಮೊದಲು ಮನೆಯ ಹಿರಿಯರೊಡನೆಯೂ ವೈದ್ಯರೊಡನೆಯೂ ಮಾತಾಡಿ ಕಾಲಿಗೊಂದು ಮೆಟ್ಟಿಗೆ ಅಪ್ಪಣೆ ಪಡೆಯಿರಿ.

<b>ಹೊತ್ತು ಮತ್ತು ದಾರಿ</b>

ನಮ್ಮದು ಬಿಸಿಲ ನಾಡು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಬೆಂಗಳೂರಿನ ಪುಸ್ತಕ ನೋಡಿ ಒಂಬತ್ತು ಗಂಟೆಗೆ ವಾಕಿಂಗ್ ಹೊರಟರೆ ಕೆಟ್ಟಿರಿ. ಮಾರ್ಚಿನಿಂದ ಮಳೆ ಬೀಳುವವರೆಗೆ ಬೆಳಕು ಹರಿದ ಕೂಡಲೇ ಹೊರಟು ಎಂಟರೊಳಗೆ ಮನೆ ಸೇರಬೇಕು. ಕತ್ತಲಲ್ಲೂ ಹೋಗಬೇಡಿ. ಸಂಡೂರು, ದರೋಜಿ, ಕಂಪ್ಲಿ ಕಡೆಯ ಬಂಡೆಗುಡ್ಡಗಳಲ್ಲಿ ಕರಡಿಗಳು ಓಡಾಡುವ ಹೊತ್ತು ಅದು. ಹಾವು ಕಾಣದ ಹೊತ್ತೂ ಅದೇ.

ಬಿಸಿಲಲ್ಲಿ ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಬಂದು ಬೆವರು ಸುರಿಯುತ್ತಿದ್ದರೆ ಅದು ಬಿಸಿಲಿನ ಬಳಲಿಕೆ. ಬೇವಿನ ನೆರಳಿಗೆ ಹೋಗಿ ಕುಳಿತು ಒಆರ್‌ಎಸ್ ಕುಡಿಯಿರಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಾತು ತೊದಲಿದರೆ, ತಬ್ಬಿಬ್ಬಾದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ, ಜೀವಕ್ಕೆ ಅಪಾಯ. ಬಾಯಿಗೆ ಏನೂ ಹಾಕದೆ, ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ತಣಿಸುವುದನ್ನು ನಿಲ್ಲಿಸಬಾರದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ಬೇಗ ಬಳಲುತ್ತಾರೆ. ಬೇಸಗೆಗೆ ಮುಂಚೆ ಅದರ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ.

ಸಕ್ಕರೆ ಇಳಿಸುವ ಗುಳಿಗೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಬರಿ ಹೊಟ್ಟೆಯಲ್ಲಿ ದೂರ ಹೋಗಬಾರದು. ತೊಡೆಗೆ ಚುಚ್ಚಿಕೊಂಡು ಕೂಡಲೇ ನಡೆದರೆ ಔಷಧ ಬೇಗ ರಕ್ತಕ್ಕಿಳಿಯುತ್ತದೆ. ಕೈ ನಡುಗಿ, ಬೆವೆತು, ಕಣ್ಣು ಕತ್ತಲಿಟ್ಟರೆ ತಕ್ಷಣ ಮೂರು ಚಮಚದಷ್ಟು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣವಿಲ್ಲದೆ ಸಕ್ಕರೆ ಕಾಯಿಲೆಯವರು ಊರ ಗಡಿ ದಾಟಬಾರದು. ತಮಾಷೆ ಎನಿಸಬಹುದು, ಆದರೆ ನಿಜ.

ಇನ್ನು ದಾರಿ. ಹಲಕುಂದಿ ಕಡೆಯ ಎಷ್ಟೋ ಜನ ರಾಷ್ಟ್ರೀಯ ಹೆದ್ದಾರಿ 150ಎ ಅಂಚಿನಲ್ಲಿ ವಾಕಿಂಗ್ ಮಾಡುವುದನ್ನು ನೋಡುತ್ತೇನೆ. ಲಾರಿಯ ಧೂಳು, ಹೊಗೆ, ಹಿಂದಿನಿಂದ ಬರುವ ವಾಹನ. ಇದರಲ್ಲಿ ಆರೋಗ್ಯ ಎಲ್ಲಿಂದ ಬರಬೇಕು? ಗತ್ಯಂತರವಿಲ್ಲದಿದ್ದರೆ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಣ್ಣಿಗೆ ಕಾಣುವಂತೆ ನಡೆಯಿರಿ. ಅದಕ್ಕಿಂತ ಹೊಲದ ದಾರಿ ಹಿಡಿಯುವುದು ಮೇಲು. ಮಳೆಗಾಲದಲ್ಲಿ ಎರೆ ಮಣ್ಣು ಅಟ್ಟೆಗೆ ಅಂಟಿ ಒಂದೊಂದು ಕಾಲೂ ಎರಡು ಕಿಲೋ ಆಗುತ್ತದೆ. ಬೇಸಗೆಯಲ್ಲಿ ಅದೇ ಮಣ್ಣು ಬಾಯಿ ಬಿಟ್ಟು, ಬಿರುಕಿನಲ್ಲಿ ಕಾಲು ಸಿಕ್ಕಿ ಕಣಕಾಲು ಉಳುಕುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ, ಹಿಂಗಾರಿ ಜೋಳ, ಕಡಲೆ ನಿಂತಿರುವಾಗ, ನಮ್ಮ ಎರೆ ಹೊಲದ ದಾರಿಯಂಥ ದಾರಿ ಬೇರೆಡೆ ಸಿಗದು. ಔಷಧಿ ಸಿಂಪಡಿಸುತ್ತಿರುವ ಹತ್ತಿ, ಮೆಣಸಿನಕಾಯಿ ಹೊಲಗಳ ಪಕ್ಕ ಮಾತ್ರ ಆ ದಿನ ಹೋಗಬೇಡಿ.

ಭಾನುವಾರ ಮಕ್ಕಳನ್ನು ಕರೆದುಕೊಂಡು ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಿಗೆ ಹೋಗಿ. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ಜಾಗ ಅದು. ಬಡಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳಿವೆ, ಎತ್ತುಗಳ ಕೆತ್ತನೆಗಳಿವೆ. ನಲವತ್ತು ದಾಟಿದವರು ಹತ್ತುವಾಗ ಒಂದು ಮಾತು ನೆನಪಿಡಿ: ಎದೆಯ ನಡುವೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ನಿಂತರೆ ಕಡಿಮೆಯಾಗಿ ಹತ್ತಿದರೆ ಮತ್ತೆ ಬರುವುದು ಗ್ಯಾಸ್ ಅಲ್ಲ. ಅಲ್ಲಿಂದಲೇ ಇಳಿದು ಅದೇ ದಿನ ಇಸಿಜಿ ಮಾಡಿಸಿ. ನಿಂತ ಮೇಲೂ ನೋವು ಇಳಿಯದಿದ್ದರೆ ಮುಂದೆ ಒಂದು ಹೆಜ್ಜೆಯೂ ಬೇಡ, ಕುಳಿತಲ್ಲಿಂದಲೇ 108ಕ್ಕೆ ಫೋನ್ ಮಾಡಿ. ಮೊಣಕಾಲು ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅವರು ತಪ್ಪಲಲ್ಲೇ ಸುತ್ತಲಿ.

ಹಾವಿನ ಬಗ್ಗೆ ಎರಡೇ ಮಾತು. ಕಚ್ಚಿದರೆ ಕಟ್ಟು ಬಿಗಿಯಬಾರದು, ಕೊಯ್ಯಬಾರದು, ಹೀರಬಾರದು, ಮಂತ್ರ ಹಾಕುವವರಲ್ಲಿಗೆ ಹೋಗಿ ಹೊತ್ತು ಕಳೆಯಬಾರದು. ಕಾಲನ್ನು ಅಲುಗಾಡಿಸದೆ, ನಡೆಸದೆ, ಪ್ರತಿವಿಷ ಇರುವ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ. ಅದರರ್ಥ ಇದು ಅಪರೂಪದ ಸಂಗತಿಯಲ್ಲ.

<b>ಸೈಕಲ್</b>

ಹೆಬ್ಬೆರಳು ಕಳೆದುಕೊಂಡ ರೈತರಿಗೆ ಗಾಯ ಪೂರ್ತಿ ಮಾಗಿದ ಮೇಲೆ ನಾನು ಬರೆದುಕೊಟ್ಟದ್ದು ಸೈಕಲ್. ಕುಳಿತು ತುಳಿಯುವುದರಿಂದ ಮೈಭಾರ ಅಂಗಾಲಿನ ಮೇಲೆ ಬೀಳುವುದಿಲ್ಲ, ಮೊಣಕಾಲಿಗೂ ಹಗುರ, ಸಕ್ಕರೆಯೂ ಇಳಿಯುತ್ತದೆ. ಗೇರಿನ ದುಬಾರಿ ಸೈಕಲ್ ಬೇಕಿಲ್ಲ. ಮನೆಯ ಅಟ್ಟದ ಮೇಲಿರುವ ಹಳೆಯದನ್ನು ಇಳಿಸಿ ಎಣ್ಣೆ ಹಾಕಿಸಿ. ಸೀಟಿನ ಎತ್ತರ ಮಾತ್ರ ಸರಿ ಇರಬೇಕು: ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ, ಪೆಡಲ್ ತೀರ ಕೆಳಗಿರುವ ಸ್ಥಿತಿಯಲ್ಲಿ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಮೊಣಕಾಲ ಚಿಪ್ಪು ನೋಯುತ್ತದೆ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. ಬಳ್ಳಾರಿ ಜಾಲಿ ಟೈರನ್ನೂ ಬಿಡುವುದಿಲ್ಲ; ಪಂಕ್ಚರ್ ಆದರೆ ಬೇಸರ ಬೇಡ, ಆ ಮುಳ್ಳು ನಿಮ್ಮ ಕಾಲಿಗೆ ಹೋಗಲಿಲ್ಲ ಎಂದುಕೊಳ್ಳಿ.

<b>ಕಾಲುವೆ ಏರಿ, ಹೊಳೆ</b>

1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದ ಮೇಲೆ ನಮ್ಮ ಸೀಮೆಗೆ ಬಂದದ್ದು ಬರೀ ನೀರಲ್ಲ, ನಡೆಯಲು ಮಟ್ಟಸವಾದ ಏರಿಗಳೂ ಬಂದವು. ಮೇಲ್ಮಟ್ಟದ ಕಾಲುವೆ ಬಳ್ಳಾರಿಯ ಬಳಿ ಹಾದು ಆಂಧ್ರದ ಬೊಮ್ಮನಹಾಳ್ ಕಡೆ ಹೋದರೆ, ಕೆಳಮಟ್ಟದ ಕಾಲುವೆ ಸಿರುಗುಪ್ಪದ ಭತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಏರಿ ಮೇಲೆ ನಡೆಯುವುದೂ ಸೈಕಲ್ ತುಳಿಯುವುದೂ ಹಿತ. ಆದರೆ ನೀರಿಗೆ ಇಳಿಯಬೇಡಿ. ಕೆರೆಯಲ್ಲಿ ಈಜು ಕಲಿತವರಿಗೆ ಕಾಲುವೆಯ ಗುಣ ಗೊತ್ತಿರುವುದಿಲ್ಲ. ಎರಡೂ ಬದಿ ಇಳಿಜಾರು ಕಾಂಕ್ರೀಟು, ಅದರ ಮೇಲೆ ಪಾಚಿ, ಒಳಗೆ ಸೆಳೆತ. ಹಿಡಿಯಲು ಹುಲ್ಲು ಕಡ್ಡಿಯೂ ಇಲ್ಲ. ಕಾಲು ತೊಳೆಯಲು, ಸೈಕಲ್ ತೊಳೆಯಲು ಬಗ್ಗಿದವರು ಹೋಗಿದ್ದಾರೆ. ಅವರನ್ನು ಹಿಡಿಯಲು ಹಾರಿದವರೂ ಹೋಗಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಕೊಳಗಲ್ಲು ಬಳಿ ಕೂಲಿಗೆ ಹೊರಟಿದ್ದ ಹೆಣ್ಣುಮಕ್ಕಳಿದ್ದ ಆಟೊ ಕಾಲುವೆಗೆ ಉರುಳಿ ಜೀವಗಳು ಹೋದದ್ದನ್ನು ನೀವು ಮರೆತಿರಲಾರಿರಿ.

ಯಾರಾದರೂ ಬಿದ್ದರೆ ಹಾರದೆ ಹಗ್ಗ, ಸೀರೆ, ಬಿದಿರು, ಖಾಲಿ ಕೊಡ ಏನಾದರೂ ಎಸೆಯಿರಿ. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ವ್ಯರ್ಥ, ಅಪಾಯ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿ. ಬಳಿಕ ಎದೆಯ ನಡುವೆ ಜೋರಾಗಿ 30 ಸಲ ಒತ್ತಿ, 2 ಸಲ ಊದಿ, ಹೀಗೆ ಸಹಾಯ ಬರುವವರೆಗೆ ಮಾಡಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು.

ಹಗರಿ ಹೊಳೆ ವರ್ಷದ ಬಹುಪಾಲು ಬರೀ ಮರಳು. ಮರಳಿನಲ್ಲಿ ನಡೆದರೆ ಗಟ್ಟಿ ನೆಲಕ್ಕಿಂತ ಹೆಚ್ಚು ಶ್ರಮ. ಅರ್ಧ ದೂರ ಸಾಕು. ಮರಳು ತೆಗೆದ ಗುಂಡಿಗಳಲ್ಲಿ ನಿಂತ ನೀರಿನ ಆಳ ಮೇಲಿಂದ ತಿಳಿಯದು, ಮಕ್ಕಳನ್ನು ದೂರವಿಡಿ. ತುಂಗಭದ್ರೆಯಲ್ಲಿ ಹರಿಗೋಲು ಹತ್ತುವ ಆಸೆಯಿದ್ದರೆ ಹಂಪಿ, ಆನೆಗೊಂದಿಗೆ ಹೋಗಬಹುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬುಟ್ಟಿಯಂಥ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವನ ಕಾಲದಲ್ಲಿ ಜೀವರಕ್ಷಕ ಅಂಗಿ ಇರಲಿಲ್ಲ, ಈಗ ಇದೆ. ಅದನ್ನು ತೊಡದೆ ಹತ್ತಬೇಡಿ. ಮೂರ್ಛೆ ರೋಗದವರು ಹತ್ತುವುದೇ ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಿದ್ದಾರೆ. ನೀರುನಾಯಿ ಇರುವ ಮಡುವಿನಲ್ಲಿ ಮೊಸಳೆಯೂ ಇರುತ್ತದೆ, ದಡದಲ್ಲಿ ಕಾಲು ಇಳಿಬಿಟ್ಟು ಕೂರಬೇಡಿ. ಕಾಲಿನಲ್ಲಿ ಗಾಯವಿರುವವರು ಗದ್ದೆ ನೀರಿಗೂ ಹೊಳೆ ನೀರಿಗೂ ಇಳಿಯಬಾರದು.

ಆ ರೈತರು ಈಗಲೂ ನನ್ನಲ್ಲಿಗೆ ಬರುತ್ತಾರೆ. ಚಪ್ಪಲಿಯನ್ನು ಹೊರಗೆ ಬಿಡದೆ ಕೈಯಲ್ಲಿ ಹಿಡಿದು ಒಳಗೆ ತರಬೇಕೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ; ಕಾಯುತ್ತ ಕೂತ ಬೇರೆಯವರು ಮೊದಮೊದಲು ನಕ್ಕರು, ಈಗ ಕೆಲವರು ತಾವೂ ತರುತ್ತಾರೆ. ಹೋದ ಸಲ ಅವರ ಟೈರಿನ ಅಟ್ಟೆಯಿಂದ ನಾನು ಇಕ್ಕಳದಲ್ಲಿ ಮೂರು ಮುಳ್ಳು ಕಿತ್ತೆ. ಪಾದದಲ್ಲಿ ಒಂದೂ ಇರಲಿಲ್ಲ.